ಮೂರು ದಿನ ತಡವಾಗಿ ಬಂದವಳು: ‘ವಿಟಲೀನಾ ವರೇಲಾ’ ಚಿತ್ರವನ್ನು ನೋಡುವುದು ಹೇಗೆ?

ಈ ಸಿನಿಮಾವನ್ನು ನಾನು ಮೊದಲ ಸಲ ನೋಡಲು ಕೂತದ್ದು ಮಧ್ಯಾಹ್ನದ ಹೊತ್ತು, ಲ್ಯಾಪ್‌ಟಾಪಿನಲ್ಲಿ, ಕಿಟಕಿ ತೆರೆದಿಟ್ಟುಕೊಂಡು. ಹತ್ತು ನಿಮಿಷವಾದರೂ ಪರದೆಯಲ್ಲಿ ಸ್ಪಷ್ಟವಾಗಿ ಕಂಡದ್ದು ನನ್ನ ಮುಖ ಒಂದೇ. ಅಷ್ಟು ಕತ್ತಲು. ಯಾರೋ ನಡೆಯುತ್ತಾರೆ, ಯಾರೋ ಬಾಗಿಲು ಹಾಕುತ್ತಾರೆ, ಯಾರೂ ಮಾತಾಡುವುದಿಲ್ಲ. ಸುಮ್ನೆ ಮುಚ್ಚಿಟ್ಟೆ. ಎಷ್ಟೋ ದಿನದ ಮೇಲೆ ಒಂದು ರಾತ್ರಿ ದೀಪ ಆರಿಸಿ, ಫೋನು ಪಕ್ಕದ ಕೋಣೆಯಲ್ಲಿಟ್ಟು ಮತ್ತೆ ಹಾಕಿದೆ. ಈ ಸಲ ಕೊನೆಯವರೆಗೂ ಎದ್ದೇಳಲಿಲ್ಲ.

‘ವಿಟಲೀನಾ ವರೇಲಾ’ 2019ರಲ್ಲಿ ಬಂದ ಪೋರ್ಚುಗಲ್‌ನ ಚಿತ್ರ. ನಿರ್ದೇಶಕ ಪೆದ್ರೊ ಕೋಸ್ತಾ. ಆ ವರ್ಷ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಚಿರತೆ ಇದಕ್ಕೇ ಸಿಕ್ಕಿತು. ಅತ್ಯುತ್ತಮ ನಟಿ ಪ್ರಶಸ್ತಿಯೂ ಇದರ ನಾಯಕಿಗೇ ಹೋಯಿತು. ಆ ನಟಿಯ ಹೆಸರೂ ವಿಟಲೀನಾ ವರೇಲಾ. ಪಾತ್ರದ ಹೆಸರೂ ಅದೇ, ಚಿತ್ರದ ಹೆಸರೂ ಅದೇ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಬಹಳ ಜನ ಇದನ್ನು ‘ಅರ್ಥವಾಗದ ಚಿತ್ರ’ ಎಂದು ಬದಿಗಿಡುತ್ತಾರೆ. ಕಥೆ ಕಷ್ಟದ್ದೇನೂ ಅಲ್ಲ, ನಾಲ್ಕು ಸಾಲಿನಲ್ಲಿ ಹೇಳಬಹುದು. ಆದರೆ ಆ ಕಥೆಯ ಹಿಂದೆ ಇರುವ ಊರು, ಕಾಲ, ಕೆಲಸ ಯಾವುದನ್ನೂ ಚಿತ್ರ ಬಿಡಿಸಿ ಹೇಳುವುದಿಲ್ಲ. ಅವು ಗೊತ್ತಿದ್ದರೆ ಕತ್ತಲಲ್ಲೂ ದಾರಿ ಕಾಣುತ್ತದೆ.

ಕಥೆ ಇಷ್ಟು

ರಾತ್ರಿ. ಸ್ಮಶಾನದ ಎತ್ತರದ ಗೋಡೆ. ಅದರಾಚೆ ಶಿಲುಬೆಗಳ ತುದಿ ಕಾಣುತ್ತವೆ. ಗೋಡೆಯ ಪಕ್ಕದ ಓಣಿಯಲ್ಲಿ ಕೆಲವು ಗಂಡಸರು ಮಣ್ಣು ಮಾಡಿ ವಾಪಸ್ ಬರುತ್ತಿದ್ದಾರೆ. ಸತ್ತವನ ಹೆಸರು ಜೋಕಿಂ. ಅವನ ಗೆಳೆಯರು ಅವನ ಮನೆಗೆ ಹೋಗಿ ಹಾಸಿಗೆ, ದಿಂಬು, ನೆಲ ಎಲ್ಲ ಶುಚಿ ಮಾಡುತ್ತಾರೆ. ಆಮೇಲೆ ಒಂದು ವಿಮಾನ ಇಳಿಯುತ್ತದೆ. ಮೆಟ್ಟಿಲ ಮೇಲೆ ಎರಡು ಬರಿಗಾಲು. ಕಾಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಅವಳೇ ವಿಟಲೀನಾ, ಜೋಕಿಂನ ಹೆಂಡತಿ. ವಯಸ್ಸು 55. ಕೇಪ್ ವರ್ಡ್ ದ್ವೀಪದಿಂದ ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ಗೆ ಮೊದಲ ಸಲ ಬಂದಿದ್ದಾಳೆ. ಗಂಡ ಟಿಕೆಟ್ ಕಳಿಸುತ್ತಾನೆ ಎಂದು ಅವಳು ಕಾದದ್ದು 25 ವರ್ಷಕ್ಕೂ ಜಾಸ್ತಿ. ಬಂದು ತಲುಪಿದ್ದು ಅವನನ್ನು ಮಣ್ಣು ಮಾಡಿ ಮೂರು ದಿನವಾದ ಮೇಲೆ.

ಅವಳನ್ನು ಎದುರುಗೊಳ್ಳುವವರು ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವ ಹೆಂಗಸರು. ಅವರೂ ಅವಳ ದ್ವೀಪದವರೇ. ತಡವಾಗಿ ಬಂದೆ, ಇಲ್ಲಿ ನಿನಗೆ ಏನೂ ಇಲ್ಲ, ವಾಪಸ್ ಹೋಗು ಎನ್ನುತ್ತಾರೆ. ಅವಳು ಹೋಗುವುದಿಲ್ಲ. ಗಂಡ ಬದುಕಿದ್ದ ಮನೆಗೆ ಹೋಗಿ ಅಲ್ಲೇ ಉಳಿಯುತ್ತಾಳೆ.

ಎರಡು ಗಂಟೆಯ ಚಿತ್ರದಲ್ಲಿ ‘ಆಗುವುದು’ ಹೆಚ್ಚುಕಡಿಮೆ ಇಷ್ಟೇ. ಉಳಿದದ್ದೆಲ್ಲ ಸತ್ತ ಗಂಡನ ಜೊತೆ ಅವಳ ಜಗಳ.

ಜಗಳ ಎಂದೆ, ಅಳು ಎನ್ನಲಿಲ್ಲ. ನಮ್ಮಲ್ಲಿ ದೂರದ ಊರಿಂದ ಓಡಿ ಬಂದವರು ‘ಕೊನೆಗೆ ಮುಖವಾದರೂ ನೋಡಬೇಕಿತ್ತು’ ಎನ್ನುತ್ತಾರಲ್ಲ, ವಿಟಲೀನಾಗೆ ಆ ಮುಖವೂ ಸಿಕ್ಕಿಲ್ಲ. ಮುಖ ಕಂಡಿದ್ದರೆ ಒಂದು ಸಲ ಅತ್ತು ಮುಗಿಸಬಹುದಿತ್ತೇನೋ. ಈಗ ಉಳಿದದ್ದು ಅವನಿಗೆ ಕೇಳಬೇಕಿದ್ದ ಪ್ರಶ್ನೆಗಳು. ಯಾಕೆ ಹೇಳದೆ ಹೋದೆ? ಯಾಕೆ ಕರೆಸಿಕೊಳ್ಳಲಿಲ್ಲ? ಇಲ್ಲಿ ಯಾರ ಜೊತೆ ಇದ್ದೆ? ಅವನ ಫೋಟೊ ಇಟ್ಟು, ಮೇಣದಬತ್ತಿ ಹಚ್ಚಿ, ಆ ಕತ್ತಲು ಕೋಣೆಯಲ್ಲಿ ಕೂತು ಪಿಸುದನಿಯಲ್ಲಿ ಕೇಳುತ್ತಾಳೆ. ಉತ್ತರ ಕೊಡಬೇಕಾದವನು ಇಲ್ಲ. ದುಃಖಕ್ಕಿಂತ ಸಿಟ್ಟೇ ಮುಂದೆ ನಿಲ್ಲುವ ಇಂಥ ಸೂತಕವನ್ನು ಸಿನಿಮಾಗಳು ತೋರಿಸುವುದು ಕಡಿಮೆ. ಸತ್ತವರನ್ನು ಕ್ಷಮಿಸಿಬಿಡುವ ಆತುರ ಅವಕ್ಕೆ.

ಗಂಡಸರು ಎಲ್ಲಿಗೆ ಹೋದರು?

ಕೇಪ್ ವರ್ಡ್ ಎಂದರೆ ಆಫ್ರಿಕಾದ ಪಶ್ಚಿಮ ತೀರದಾಚೆ, ಅಟ್ಲಾಂಟಿಕ್ ಸಾಗರದಲ್ಲಿರುವ ಹತ್ತು ದ್ವೀಪಗಳು. 15ನೇ ಶತಮಾನದಲ್ಲಿ ಪೋರ್ಚುಗೀಸರು ಬರುವವರೆಗೆ ಅಲ್ಲಿ ಜನವಸತಿ ಇರಲಿಲ್ಲ. ಅವರು ಅದನ್ನು ಗುಲಾಮರ ವ್ಯಾಪಾರದ ತಂಗುದಾಣ ಮಾಡಿಕೊಂಡರು. ಪೋರ್ಚುಗೀಸ್ ಮತ್ತು ಪಶ್ಚಿಮ ಆಫ್ರಿಕಾದ ಭಾಷೆಗಳು ಬೆರೆತು ಕ್ರಿಯೋಲು ಎಂಬ ಹೊಸ ಭಾಷೆ ಹುಟ್ಟಿತು. ವಿಟಲೀನಾ ಆಡುವುದು ಈ ಭಾಷೆ. ಮಳೆ ನಂಬುವ ಹಾಗಿಲ್ಲದ ನೆಲ ಅದು. 1940ರ ದಶಕದ ಬರಗಾಲಗಳಲ್ಲಿ ಹತ್ತಾರು ಸಾವಿರ ಜನ ಸತ್ತರು. ಹಾಗಾಗಿ ಊರು ಬಿಡುವುದು ಅಲ್ಲಿ ತಲೆತಲಾಂತರದ ಅಭ್ಯಾಸ. ಇಂದಿಗೂ ದ್ವೀಪದಲ್ಲಿರುವವರಿಗಿಂತ ಹೊರಗಿರುವವರೇ ಜಾಸ್ತಿ ಎನ್ನುತ್ತಾರೆ.

1960ರ ದಶಕದ ಕೊನೆಯಿಂದ ಈ ದಾರಿ ಲಿಸ್ಬನ್ ಕಡೆ ತಿರುಗಿತು. ಪೋರ್ಚುಗಲ್‌ನ ಯುವಕರಲ್ಲಿ ಕೆಲವರು ಆಫ್ರಿಕಾದ ವಸಾಹತು ಯುದ್ಧಗಳಿಗೆ, ಕೆಲವರು ಕೂಲಿಗೆಂದು ಫ್ರಾನ್ಸಿಗೆ ಹೋಗಿದ್ದರು. ಕಟ್ಟಡ ಕೆಲಸಕ್ಕೆ ಆಳು ಬೇಕಿತ್ತು. ಕೇಪ್ ವರ್ಡ್ ಗಂಡಸರು ಬಂದು ಇಟ್ಟಿಗೆ ಹೊತ್ತರು, ಕಾಂಕ್ರೀಟ್ ಕಲಸಿದರು. 1974ರ ಏಪ್ರಿಲ್ 25ರ ಕ್ರಾಂತಿಯಲ್ಲಿ ಪೋರ್ಚುಗಲ್‌ನ ಸರ್ವಾಧಿಕಾರ ಬಿತ್ತು. 1975ರ ಜುಲೈ 5ರಂದು ಕೇಪ್ ವರ್ಡ್ ಸ್ವತಂತ್ರವಾಯಿತು. ದೇಶ ಬೇರೆಯಾದರೂ ಕೂಲಿ ಅಲ್ಲೇ ಇತ್ತು, ಜನ ಬರುತ್ತಲೇ ಇದ್ದರು. ಹಗಲೆಲ್ಲ ಬೇರೆಯವರ ಅಪಾರ್ಟ್‌ಮೆಂಟ್ ಕಟ್ಟಿದವರು ರಾತ್ರಿ ಮತ್ತು ಭಾನುವಾರ ಊರ ಅಂಚಿನಲ್ಲಿ ತಮಗೊಂದು ಗೂಡು ಕಟ್ಟಿಕೊಂಡರು. ನಕ್ಷೆ ಇಲ್ಲ, ಪರವಾನಗಿ ಇಲ್ಲ. ಇಬ್ಬರು ಎದುರಾದರೆ ಒಬ್ಬರು ಬದಿಗೆ ಸರಿಯಬೇಕಾದಂಥ ಓಣಿಗಳು. ಚಿತ್ರದಲ್ಲಿ ಕಾಣುವ ಊರು ಅಂಥದ್ದು.

ಕೋಸ್ತಾ ಇಂಥ ಊರಿಗೆ ಬಂದು ಸೇರಿದ ಬಗೆಯೇ ಒಂದು ಕಥೆ. 1994ರಲ್ಲಿ ಅವರು ಕೇಪ್ ವರ್ಡ್‌ನಲ್ಲಿ ‘ಕಾಸಾ ದ ಲಾವಾ’ ಎಂಬ ಚಿತ್ರ ಮಾಡಿದರು. ಹೊರಡುವಾಗ ಅಲ್ಲಿನ ಜನ ಲಿಸ್ಬನ್‌ನಲ್ಲಿದ್ದ ತಮ್ಮವರಿಗೆ ಕೊಡಿ ಎಂದು ಪತ್ರ, ಕಾಫಿ, ಹೊಗೆಸೊಪ್ಪು ಕೈಗೆ ಕೊಟ್ಟರು. ಅದನ್ನು ತಲುಪಿಸಲು ಹೋಗಿ ಅವರು ಕಂಡದ್ದು ಫೊಂತೈನ್ಯಾಸ್ ಎಂಬ ಬಡಾವಣೆ. ಅಂಚೆಯವನ ಕೆಲಸಕ್ಕೆ ಹೋದವರು ಅಲ್ಲೇ ಉಳಿದರು ಎನ್ನಬಹುದು. 1997ರಲ್ಲಿ, 2000ದಲ್ಲಿ, 2006ರಲ್ಲಿ ಒಂದರ ಹಿಂದೆ ಒಂದು ಚಿತ್ರ ಅಲ್ಲಿನ ಜನರೊಂದಿಗೇ ಮಾಡಿದರು. ಆ ನಡುವೆ ಸರ್ಕಾರ ಬಡಾವಣೆಯನ್ನು ಕೆಡವಿ ಜನರನ್ನು ಬಿಳಿ ಗೋಡೆಯ ಹೊಸ ಫ್ಲಾಟುಗಳಿಗೆ ಸಾಗಿಸಿತು. ದೊಡ್ಡ ಕ್ಯಾಮೆರಾ, ಲಾರಿಗಟ್ಟಲೆ ದೀಪ, ಐವತ್ತು ಜನರ ತಂಡ ಎಲ್ಲವನ್ನೂ ಕೋಸ್ತಾ ಬಿಟ್ಟುಬಿಟ್ಟರು. ಕೈಯಲ್ಲಿ ಹಿಡಿಯುವ ಡಿಜಿಟಲ್ ಕ್ಯಾಮೆರಾ, ಬೆರಳೆಣಿಕೆಯ ಜನ, ತಿಂಗಳುಗಟ್ಟಲೆ ಸಮಯ. ಹಣ ಇಲ್ಲದ ಕಡೆ ಸಮಯವನ್ನೇ ಖರ್ಚು ಮಾಡುವುದು ಅವರ ದಾರಿ.

ಕೋಸ್ತಾ ಅವರಿಗೆ ವಿಟಲೀನಾ ಸಿಕ್ಕಿದ್ದು ‘ಕುದುರೆ ಹಣ’ ಎಂಬ ಅರ್ಥದ ಹೆಸರಿನ 2014ರ ಚಿತ್ರದ ತಯಾರಿಯಲ್ಲಿ, ಅದಕ್ಕೆ ಜಾಗ ಹುಡುಕುತ್ತಿದ್ದಾಗ. ಗಂಡ ತೀರಿಕೊಂಡ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಆ ಚಿತ್ರದಲ್ಲಿ ಅವರದು ಒಂದು ಪುಟ್ಟ ಪಾತ್ರ. ಗಂಡನ ಮರಣ ಪ್ರಮಾಣಪತ್ರವನ್ನು, ತಮ್ಮ ಮದುವೆಯ ದಾಖಲೆಯನ್ನು ಪಿಸುದನಿಯಲ್ಲಿ ಓದುತ್ತಾರೆ. ಸರ್ಕಾರಿ ಕಾಗದದ ಒಣ ಸಾಲುಗಳು ಆ ದನಿಯಲ್ಲಿ ಶೋಕಗೀತೆಯಂತೆ ಕೇಳುತ್ತವೆ. ಐದು ವರ್ಷದ ಮೇಲೆ ಅದೇ ಬದುಕು ಇಡೀ ಚಿತ್ರವಾಯಿತು. ಚಿತ್ರಕಥೆಯಲ್ಲಿ ಕೋಸ್ತಾ ಜೊತೆ ಅವರ ಹೆಸರೂ ಇದೆ. ಸುಮ್ಮನೆ ಗೌರವಕ್ಕೆ ಹಾಕಿದ ಹೆಸರಲ್ಲ ಅದು, ಮಾತುಗಳು ಬಂದದ್ದು ಅವರ ಬದುಕಿನಿಂದಲೇ.

ಹಾಗಾದರೆ ಇದು ಸಾಕ್ಷ್ಯಚಿತ್ರವಾ? ಅಲ್ಲ. ನಿಜವಾಗಿ ಅನುಭವಿಸಿದ್ದನ್ನು ಅವರು ಮತ್ತೆ ಮತ್ತೆ ಹೇಳಿ, ತಿದ್ದಿ, ಅಭ್ಯಾಸ ಮಾಡಿ, ಕ್ಯಾಮೆರಾ ಮುಂದೆ ಹಲವು ಸಲ ನುಡಿದಿದ್ದಾರೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಸತ್ತವರ ಗುಣ ಹೇಳುತ್ತ ರಾಗವಾಗಿ ಅಳುವ ಹಿರಿಯ ಹೆಂಗಸರನ್ನು ನೀವು ನೋಡಿರಬಹುದು. ಅದು ನಟನೆಯೂ ಅಲ್ಲ, ತಾನಾಗಿ ಉಕ್ಕಿದ್ದೂ ಅಲ್ಲ. ವಿಟಲೀನಾ ಅವರ ಮಾತು ಎಲ್ಲೋ ಆ ಜಾಗದಲ್ಲಿ ನಿಲ್ಲುತ್ತದೆ.

ಎರಡು ಮನೆಗಳು

ನನ್ನ ಮಟ್ಟಿಗೆ ಚಿತ್ರದ ಬೀಗ ತೆಗೆಯುವುದು ಇಲ್ಲಿ. ಇದು ಎರಡು ಮನೆಗಳ ಕಥೆ.

ಒಂದು ಮನೆ ದ್ವೀಪದ ಬೆಟ್ಟದ ಮೇಲಿದೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಸೇರಿ ಕೆಲವೇ ವಾರಗಳಲ್ಲಿ ಕಟ್ಟಿದ್ದು. ಅವಳೂ ಗಾರೆ ಹೊತ್ತಿದ್ದಾಳೆ. ಇನ್ನೊಂದು ಲಿಸ್ಬನ್‌ನ ಈ ಮನೆ. ಬಾಗಿಲು ತಗ್ಗು, ಗೋಡೆ ಸೊಟ್ಟ, ಸೂರು ಸೋರುತ್ತದೆ. ಸ್ನಾನ ಮಾಡುವಾಗ ಮೇಲಿಂದ ಗಾರೆ ಉದುರಿ ಅವಳ ತಲೆ ಮೇಲೇ ಬೀಳುತ್ತದೆ. ಎರಡೂ ಮನೆಗೆ ಮೇಸ್ತ್ರಿ ಅದೇ ಜೋಕಿಂ.

ಅವಳ ಸಿಟ್ಟಿಗೆ ಆಧಾರ ಸಿಕ್ಕಿದ್ದು ಈ ಗೋಡೆಗಳಲ್ಲಿ. ಪತ್ರ ಬರಲಿಲ್ಲ, ಟಿಕೆಟ್ ಬರಲಿಲ್ಲ ಎನ್ನುವುದಕ್ಕೆ ನೂರು ಕಾರಣ ಇರಬಹುದು. ಆದರೆ ಅಷ್ಟು ಚೆಂದ ಮನೆ ಕಟ್ಟಬಲ್ಲ ಕೈ ಹೀಗೂ ಕಟ್ಟಿದೆ ಎಂದರೆ ಮನುಷ್ಯ ಒಳಗಿಂದಲೇ ಬದಲಾಗಿದ್ದ. ತನ್ನ ಜೊತೆ ಇದ್ದಾಗ ಅವನು ಏನಾಗಿದ್ದ, ಇಲ್ಲಿ ಏನಾದ ಎಂಬ ಲೆಕ್ಕವನ್ನು ಅವಳು ಇಟ್ಟಿಗೆಯಲ್ಲಿ ಹಾಕುತ್ತಾಳೆ. ನೆನಪು ಸುಳ್ಳು ಹೇಳಬಹುದು, ಸೋರುವ ಸೂರು ಹೇಳುವುದಿಲ್ಲ ಅಲ್ವಾ?

ಆದರೂ ಅವಳು ಆ ಮನೆ ಬಿಡುವುದಿಲ್ಲ. ಒಂದು ರಾತ್ರಿ ಬಿರುಗಾಳಿ ಬೀಸಿದಾಗ ಸೂರಿನ ಮೇಲೆ ಹತ್ತಿ ನಿಲ್ಲುತ್ತಾಳೆ. ಹಿಂದೆ ಆಕಾಶ, ಮೈಮೇಲಿನ ಕಪ್ಪು ಬಟ್ಟೆ ಗಾಳಿಗೆ ಹಾರುತ್ತದೆ. ಬೈಯುತ್ತಲೇ ಉಳಿಸಿಕೊಳ್ಳುವುದು ಎಂದರೆ ಏನು ಎಂದು ಆ ಒಂದು ಶಾಟ್ ತೋರಿಸಿದಷ್ಟು ಚೆನ್ನಾಗಿ ಯಾವ ಸಂಭಾಷಣೆಯೂ ಹೇಳಲಾರದು.

ಇನ್ನು ಪಶ್ಚಾತ್ತಾಪ. ಅದು ಅವಳೊಬ್ಬಳದಲ್ಲ. ಊರಿನಲ್ಲಿ ಒಬ್ಬ ಪಾದ್ರಿ ಇದ್ದಾನೆ. ಆ ಪಾತ್ರ ಮಾಡಿದವರು ವೆಂಚುರಾ. ಅವರೂ ಕೇಪ್ ವರ್ಡ್‌ನಿಂದ ಬಂದ ಹಳೆಯ ಕಟ್ಟಡ ಕೆಲಸಗಾರ, ಕೋಸ್ತಾ ಅವರ ಹಿಂದಿನ ಚಿತ್ರಗಳ ನಾಯಕ. ಈ ಪಾದ್ರಿಯ ಚರ್ಚಿಗೆ ಯಾರೂ ಬರುವುದಿಲ್ಲ, ಅವನಿಗೂ ನಂಬಿಕೆ ಉಳಿದಿಲ್ಲ. ಹಿಂದೊಮ್ಮೆ ದ್ವೀಪದಲ್ಲಿ ದೀಕ್ಷಾಸ್ನಾನಕ್ಕೆಂದು ಬಂದ ಜನರನ್ನು ಅವನು ವಾಪಸ್ ಕಳಿಸಿದ್ದ. ಹೋಗುವ ದಾರಿಯಲ್ಲಿ ಅವರ ವಾಹನ ಅಪಘಾತಕ್ಕೆ ಸಿಕ್ಕಿ ಅವರು ಸತ್ತರು. ಅಂದಿನಿಂದ ಅವನ ಕೈ ನಡುಗುತ್ತಲೇ ಇದೆ. ವಿಟಲೀನಾ ಬೇರೆಯವನ ತಪ್ಪಿಗೆ ಉತ್ತರ ಕೇಳುವವಳು, ಪಾದ್ರಿ ತನ್ನ ತಪ್ಪಿಗೆ ಉತ್ತರ ಇಲ್ಲದವನು. ಇಬ್ಬರೂ ಖಾಲಿ ಚರ್ಚಿನಲ್ಲಿ ಎದುರುಬದುರು ಕೂರುತ್ತಾರೆ. ನಿಜ ಹೇಳಬೇಕೆಂದರೆ ಈ ಭಾಗ ನನಗೆ ಸ್ವಲ್ಪ ಎಳೆದ ಹಾಗೆ ಅನಿಸಿತು. ಪಾದ್ರಿಯ ಮಾತು ಕೆಲವೊಮ್ಮೆ ಜೀವದಿಂದಲ್ಲ, ಚಿತ್ರಕಥೆಯಿಂದ ಬಂದಂತೆ ಕೇಳುತ್ತದೆ.

ಆದರೆ ಅವನು ಹೇಳುವ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಸತ್ತ ಗಂಡನ ಜೊತೆ ಮಾತಾಡಬೇಕೆಂದರೆ ಪೋರ್ಚುಗೀಸ್ ಕಲಿ, ಇಲ್ಲಿನ ಆತ್ಮಗಳಿಗೆ ಅದೇ ಭಾಷೆ ಎಂಬರ್ಥದ ಮಾತು. ಕ್ರಿಯೋಲುವಿನಲ್ಲಿ ಮದುವೆಯಾದ, ಕ್ರಿಯೋಲುವಿನಲ್ಲಿ ಜಗಳವಾಡಿದ ಹೆಂಗಸು ಗಂಡ ಸತ್ತ ಮೇಲೆ ಅವನಿಗಾಗಿ ಆಳುವವರ ಭಾಷೆ ಕಲಿಯಬೇಕು. ವಸಾಹತು ಎಂಬುದರ ಬಗ್ಗೆ ಪುಟಗಟ್ಟಲೆ ಬರೆದರೂ ಇಷ್ಟು ನಾಟುವುದಿಲ್ಲ. ಅಂದ ಹಾಗೆ, ನಾವು ಆಡುವ ‘ಪಾದ್ರಿ’, ‘ಚಾವಿ’ ಎರಡರ ಮೂಲವೂ ಪೋರ್ಚುಗೀಸೇ. ಅವರ ಹಡಗುಗಳು ನಮ್ಮ ಕರಾವಳಿಗೂ ಬಂದಿದ್ದವಲ್ಲ.

ಇಷ್ಟು ಕತ್ತಲು ಯಾಕೆ?

ಇದು ಎಲ್ಲರ ಪ್ರಶ್ನೆ. ಛಾಯಾಗ್ರಾಹಕ ಲಿಯೊನಾರ್ದೊ ಸಿಮೊಯಿಶ್ ಚೌಕಟ್ಟಿನ ಮುಕ್ಕಾಲು ಭಾಗವನ್ನು ಕಪ್ಪಾಗಿಯೇ ಬಿಡುತ್ತಾರೆ. ಒಂದು ಕೆನ್ನೆ, ಒಂದು ಕೈ, ಬಾಗಿಲಿನ ಒಂದು ಅಂಚು ಮಾತ್ರ ಬೆಳಗುತ್ತದೆ. ಪರದೆಯೂ ಈಗಿನ ಅಗಲದ ಅಳತೆಯದಲ್ಲ. ಹಳೆ ಟಿವಿಯ ಹಾಗೆ ನಾಲ್ಕಕ್ಕೆ ಮೂರರ ಅಳತೆ. ಅಕ್ಕಪಕ್ಕ ಏನಿದೆ ಎಂದು ನೋಡಲು ಜಾಗವೇ ಇಲ್ಲ.

ವಿಮರ್ಶಕರು ಹಳೆಯ ಯುರೋಪಿನ ವರ್ಣಚಿತ್ರಕಾರರ ಹೆಸರು ತೆಗೆಯುತ್ತಾರೆ. ಇರಬಹುದು. ನನಗೆ ಅನಿಸುವುದು ಬೇರೆ. ಈ ಜನ ಬದುಕುವ ಹೊತ್ತೇ ಕತ್ತಲು. ಕಚೇರಿ, ವಿಮಾನ ನಿಲ್ದಾಣ ಗುಡಿಸುವ ಹೆಂಗಸರು ಬೆಳಕು ಹರಿಯುವ ಮೊದಲೇ ಹೊರಡಬೇಕು. ಕಟ್ಟಡ ಕೆಲಸದವರು ವಾಪಸ್ ಬರುವಾಗ ರಾತ್ರಿ. ಊರಿನ ಹಗಲು ಬೇರೆಯವರ ಪಾಲು. ಅದರ ಮೇಲೆ ಒತ್ತೊತ್ತಿ ನಿಂತ ಗೋಡೆಗಳು, ಬಿಸಿಲು ಇಳಿಯದ ಓಣಿ. ಆ ಮನೆಗಳಿಗೆ ದೊಡ್ಡ ದೊಡ್ಡ ಲೈಟು ಹಾಕಿ ಬೆಳಗಿಸಿದ್ದರೆ ಅದೇ ಸುಳ್ಳಾಗುತ್ತಿತ್ತು. ಸೂತಕದ ಮನೆಗೆ ಹೋದವರಿಗೆ ಇನ್ನೊಂದು ವಿಷಯವೂ ಗೊತ್ತು. ದುಃಖದಲ್ಲಿರುವವರಿಗೆ ಇಡೀ ಕೋಣೆ ಕಾಣುವುದಿಲ್ಲ. ಒಂದು ಲೋಟ, ಒಂದು ಚಪ್ಪಲಿ, ಮೊಳೆಗೆ ತೂಗುಹಾಕಿದ ಒಂದು ಅಂಗಿ, ಅಷ್ಟೇ ಕಾಣುತ್ತದೆ. ಸಿಮೊಯಿಶ್ ಅಷ್ಟನ್ನೇ ಬೆಳಗಿಸುತ್ತಾರೆ.

ಕಣ್ಣಿಗೆ ಕೊಡದ್ದನ್ನು ಚಿತ್ರ ಕಿವಿಗೆ ಕೊಡುತ್ತದೆ. ಪಕ್ಕದ ಮನೆಯ ರೇಡಿಯೊ, ನಾಯಿ, ಮಕ್ಕಳ ಗಲಾಟೆ, ತಗಡಿನ ಮೇಲೆ ಮಳೆ. ಸೂತಕದವಳ ಕೋಣೆಯಾಚೆ ಊರು ತನ್ನ ಪಾಡಿಗೆ ನಡೆದಿದೆ. ಹೆಡ್‌ಫೋನ್ ಹಾಕಿ ನೋಡಿದರೆ ಆ ಗೋಡೆ ಎಷ್ಟು ತೆಳು ಎಂದು ತಿಳಿಯುತ್ತದೆ.

ಪೋರ್ಚುಗಲ್ ಎಂದೊಡನೆ ‘ಸೌದಾದ್’ ಎಂಬ ಪದ ತರುವುದು ಒಂದು ರೂಢಿ. ದೂರವಾದದ್ದರ ಹಂಬಲ, ಅದರ ನೋವು, ಆ ನೋವಿನಲ್ಲೇ ಒಂದು ಸವಿ, ಎಲ್ಲ ಸೇರಿದ ಪದ. ಕ್ರಿಯೋಲುವಿನಲ್ಲಿ ಇದೇ ‘ಸೊದಾದ್’. ಕೇಪ್ ವರ್ಡ್‌ನ ಗಾಯಕಿ ಸೆಜಾರಿಯಾ ಎವೊರಾ ಆ ಹೆಸರಿನ ಹಾಡು ಹಾಡಿ ಜಗತ್ತಿಗೆಲ್ಲ ಈ ಪದ ಕಲಿಸಿದರು. ಆದರೆ ಈ ಚಿತ್ರಕ್ಕೆ ಆ ಹಣೆಪಟ್ಟಿ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಹಂಬಲದಲ್ಲಿ ಸವಿ ಇದೆ. ವಿಟಲೀನಾಗೆ ಉಳಿದದ್ದು ಬಾಕಿ ವಸೂಲಾಗದ ಸಾಲಗಾರನ ಮೇಲಿನ ಸಿಟ್ಟಿನಂಥದ್ದು. ಕಾದ 25 ವರ್ಷ ಅವಳ ಆಯುಷ್ಯದಿಂದ ಹೋದದ್ದು.

ಒಂದು ತಮಾಷೆಯ ಸಂಗತಿಯೂ ಇದೆ. ಆಸ್ಕರ್‌ನ ಇಂಗ್ಲಿಷೇತರ ಚಿತ್ರಗಳ ವಿಭಾಗಕ್ಕೆ ಪೋರ್ಚುಗಲ್ ಆ ಸಲ ಮೊದಲು ‘ಲಿಸನ್’ ಎಂಬ ಬೇರೆ ಚಿತ್ರ ಕಳಿಸಿತ್ತು. ಅದರಲ್ಲಿ ಇಂಗ್ಲಿಷ್ ಜಾಸ್ತಿಯಾಯಿತು ಎಂದು ತಿರಸ್ಕಾರವಾಯಿತು. ಬದಲಿಗೆ ಹೋದದ್ದು ‘ವಿಟಲೀನಾ ವರೇಲಾ’. ಇದರಲ್ಲೋ, ಬಹುಪಾಲು ಮಾತು ಕ್ರಿಯೋಲುವಿನಲ್ಲೇ. ಹಳೆಯ ಯಜಮಾನನ ಪರವಾಗಿ ಓಡಲು ಹೊರಟದ್ದು ಹಳೆಯ ವಸಾಹತಿನ ಭಾಷೆ. ಕೊನೆಗೆ ನಾಮನಿರ್ದೇಶನ ಸಿಗಲಿಲ್ಲ.

ನೋಡುವವರಿಗೆ ಎರಡು ಮಾತು. ರಾತ್ರಿಯೇ ನೋಡಿ, ಮನೆಯ ದೀಪ ಆರಿಸಿ ನೋಡಿ. ಮೊದಲ ಅರ್ಧ ಗಂಟೆ ಯಾರು ಯಾರು ಎಂದು ತಿಳಿಯದಿದ್ದರೆ ಗಾಬರಿ ಬೇಡ. ಊರಿಗೆ ಹೊಸದಾಗಿ ಬಂದ ವಿಟಲೀನಾಗೂ ತಿಳಿದಿರುವುದಿಲ್ಲ. ಕೋಸ್ತಾ ಅವರ ಬೇರೆ ಚಿತ್ರ ನೋಡಿರಲೇಬೇಕು ಎಂದೇನಿಲ್ಲ. ಮನಸ್ಸಿದ್ದರೆ ‘ಕಾಸಾ ದ ಲಾವಾ’ ಮೊದಲು ನೋಡಬಹುದು. ಅದರಲ್ಲಿ ಬಣ್ಣವಿದೆ, ಬಿಸಿಲಿದೆ, ಈ ಹೆಂಗಸು ಬಿಟ್ಟು ಬಂದ ನೆಲ ಎಂಥದ್ದು ಎಂದು ಕಾಣುತ್ತದೆ.

ಹಾಗಂತ ಇದರಲ್ಲಿ ಬಿಸಿಲೇ ಇಲ್ಲ ಅಂದುಕೊಳ್ಳಬೇಡಿ. ಕೊನೆಯ ಕೆಲವು ನಿಮಿಷಗಳಲ್ಲಿ ಹಗಲಾಗುತ್ತದೆ. ವಿಟಲೀನಾ ಸ್ಮಶಾನಕ್ಕೆ ಹೋಗುತ್ತಾಳೆ. ನೆರೆಯ ಗಂಡಸರು ಅವಳ ಮನೆಯ ಸೂರು ರಿಪೇರಿಗೆ ಹತ್ತುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ದ್ವೀಪ, ಬೆಟ್ಟ, ಕಟ್ಟುತ್ತಿರುವ ಒಂದು ಮನೆ. ಹರೆಯದ ಗಂಡು, ಹರೆಯದ ಹೆಣ್ಣು, ಇಬ್ಬರೂ ಕೆಲಸದಲ್ಲಿ ಮುಳುಗಿದ್ದಾರೆ. ಮಾತಿಲ್ಲ. ಎರಡು ಗಂಟೆ ಕತ್ತಲಿಗೆ ಒಗ್ಗಿದ ಕಣ್ಣಿಗೆ ಆ ಬಿಸಿಲು ಚುಚ್ಚುತ್ತದೆ. ನಾನು ಕಣ್ಣು ಕಿರಿದು ಮಾಡಿಕೊಂಡೇ ನೋಡಿದೆ.